ನಾಲಿಗೆ ಒಪ್ಪಿದ ಸೋಪು

ಅಣ್ಣ ಗುಬ್ಬಿಯಲ್ಲಿ ತುಮಕೂರಿನ ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಕೇಳುವ ಮೊದಲೇ ಹಿಂದಿನ ಸೀಟು ತೋರಿಸುತ್ತಿದ್ದ. ಹೊಂಗೆ ಎಣ್ಣೆಯ ಕಮಟು ವಾಸನೆ ಅವನಿಗಿಂತ ಒಂದು ಮೆಟ್ಟಿಲು ಮುಂಚೆಯೇ ಬಸ್ಸಿನೊಳಗೆ ಬಂದಿರುತ್ತಿತ್ತು. ಅಂಗಿ ಅಂದೇ ಒಗೆದದ್ದು, ಮೈ ಅಂದೇ ತೊಳೆದದ್ದು. ನಮ್ಮೂರಿನಲ್ಲಿ ಅವನಷ್ಟು ಶುಚಿಯಾದ ಗಂಡಸು ಇನ್ನೊಬ್ಬನಿರಲಿಲ್ಲ. ಆದರೆ ಇಪ್ಪತ್ತು ವರ್ಷ ಎಣ್ಣೆ, ಬೂದಿ, ಸೀಗೆಕಾಯಿಗಳ ನಡುವೆ ಬದುಕಿದವನ ಚರ್ಮದೊಳಕ್ಕೇ ಆ ವಾಸನೆ ಇಳಿದುಬಿಟ್ಟಿತ್ತು. ಪಕ್ಕದಲ್ಲಿ ಕೂತವರು ಮೂಗಿಗೆ ಸೆರಗು ಹಿಡಿದರೆ ಅವನಿಗೆ ಬೇಸರವಾಗುತ್ತಿರಲಿಲ್ಲ. “ಮಲ್ಲಸಂದ್ರ ದಾಟೋ ತಂಕ ತಡ್ಕೊಳ್ಳಿ, ಆಮೇಲೆ ನಿಮ್ ಮೂಗೇ ಸುಮ್ಕಾಗುತ್ತೆ,” ಅನ್ನುತ್ತಿದ್ದ. ಎಷ್ಟೋ ಸಲ ತುಮಕೂರಿನಲ್ಲಿ ಇಳಿಯುವ ಹೊತ್ತಿಗೆ ಅದೇ ಹೆಂಗಸರು ಅವನ ಚೀಲದಿಂದ ಒಂದು ಪೊಟ್ಟಣ ಸೀಗೆಪುಡಿ ತೆಗೆದುಕೊಂಡಿರುತ್ತಿದ್ದರು.

ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಈ ವಾಸನೆಗೆ ಯಾರು ಬರ್ತಾರೆ ಎಂದು ನಗುತ್ತಿದ್ದ. ಊರಿನ ಹುಡುಗರು ಅವನಿಗೆ ಬೂದಿ ಸ್ವಾಮಿ ಎಂದು ಹೆಸರಿಟ್ಟಿದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮೊಣಕೈವರೆಗೆ ಸೋಪಿಗೆಂದು ಸುಟ್ಟ ಬೂದಿ. ಅದಕ್ಕೂ ಅವನು ಸಿಟ್ಟಾಗಲಿಲ್ಲ. ಹಣೆ ಮೇಲಿನದು ಶಿವನದು, ಕೈ ಮೇಲಿನದು ಪಾತ್ರೆಗಳದು, ಎರಡನ್ನೂ ಬೆರೆಸಬೇಡಿ ಎಂದು ಅವರಿಗೇ ಬುದ್ಧಿ ಹೇಳುತ್ತಿದ್ದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಅಣ್ಣ ಈ ವರ್ಷ ಮಾಘಮಾಸದಲ್ಲಿ ತೀರಿಕೊಂಡ. ಎದೆನೋವು ಅಂದ, ತುಮಕೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನನ್ನು ಹೊಗಳುವವರು ಗುಬ್ಬಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಹೊಗಳುವವರೂ ಕೊನೆಗೆ ಒಂದು ಮಾತು ಸೇರಿಸುತ್ತಾರೆ: “ಒಂದ್ಸಲ ಮಾತ್ರ ಎಡವಿದ. ಅವನ ಸೋಪು ಹೆಂಗಸ್ರ ಕೈ ಸುಟ್ಟಿತ್ತು.” ಆ ಸೋಪು ಸುಟ್ಟದ್ದು ನಿಜ. ಎಡವಿದವನು ಅವನಲ್ಲ. ಅದನ್ನು ಹೇಳಲಿಕ್ಕೆಂದೇ ಪೆನ್ನು ಹಿಡಿದಿದ್ದೇನೆ. ಅದಕ್ಕೆ ಮೊದಲು ಅವನು ಎಂಥವನೆಂದು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪಿನ ಗಾತ್ರ ಯಾರಿಗೂ ತಿಳಿಯುವುದಿಲ್ಲ.

ಈ ಕೆಲಸಕ್ಕೆ ಇಳಿಯುವ ಮುಂಚೆ ಅವನು ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನೆಲ ಒರೆಸುವ ದ್ರಾವಣ ತುಂಬುವ ಒಂದು ಕಡೆ ಕೆಲಸಕ್ಕಿದ್ದ. ಬಾಟಲಿಗಳಿಗೆ ನಿಂಬೆಹಣ್ಣಿನ ಚಿತ್ರ ಅಂಟಿಸುವುದು ಅವನ ಕೆಲಸ. ಎರಡು ವರ್ಷ ಮಾಡಿ ಬಿಟ್ಟು ಬಂದ. ಅಪ್ಪ ಯಾಕೋ ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಬಹಳ ವರ್ಷ ಓಡಾಡಿತು: “ಎಲ್ಡು ವರ್ಷ ನಿಂಬೆಹಣ್ಣಿನ ಪಟ ಅಂಟಿಸ್ದೆ ಕಣಪ್ಪಾ, ಒಂದ್ ನಿಂಬೆಹಣ್ಣೂ ನೋಡ್ಲಿಲ್ಲ.” ಅಲ್ಲಿನವರನ್ನು ಬೈಯಲಿಲ್ಲ. ಅವರ ದಾರಿ ಅವರದು, ನನಗೆ ನಿಂಬೆಹಣ್ಣು ಬೇಕಿತ್ತು ಎಂದನಷ್ಟೇ.

ನಿಂಬೆಹಣ್ಣು ಹುಡುಕಿಕೊಂಡು ಅವನು ಹೋದದ್ದು ಬಸ್‌ಸ್ಟ್ಯಾಂಡಿನ ಜ್ಯೂಸಿನ ಅಂಗಡಿಗೆ. ಹಿಂಡಿ ಬಿಸಾಕಿದ ಹೋಳುಗಳನ್ನು ಒಂದು ಬಕೆಟ್ಟಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ನಮ್ಮ ಕಡೆ ನಿಂಬೆಹಣ್ಣೆಂದರೆ ಜನಕ್ಕೆ ಬೇರೆಯದೇ ಭಯ. ದಿನಾ ಬಕೆಟ್ ಹಿಡಿದು ಬರುವವನನ್ನು ನೋಡಿ ಅಂಗಡಿಯವನು ಏನಣ್ಣ, ಮಾಟ ಮಾಡಿಸ್ತೀಯಾ ಎಂದು ಅರ್ಧ ಹೆದರಿ ಕೇಳಿದನಂತೆ. ಹೂಂ, ಪಾತ್ರೆಗಳಿಗೆ ಮಾಡಿಸ್ತೀನಿ ಎಂದನಂತೆ ಅಣ್ಣ. ಆ ಹೋಳುಗಳನ್ನು ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ ಬೂದಿಗೂ ಅಂಟುವಾಳದ ಪುಡಿಗೂ ಬೆರೆಸಿದ. ಅವ್ವ ಅದರಲ್ಲಿ ಕರಿ ಹಿಡಿದ ಹಾಲಿನ ಪಾತ್ರೆ ಉಜ್ಜಿ ನೋಡಿದಳು. ಪಾತ್ರೆಯಲ್ಲಿ ತನ್ನ ಮುಖ ಕಂಡು, ನಂಗೆ ಇಷ್ಟು ವಯಸ್ಸಾಗೈತಾ ಎಂದು ಬೇಜಾರು ಮಾಡಿಕೊಂಡಳು. ಅಣ್ಣನ ಮೊದಲ ಗಿರಾಕಿ ಅವ್ವ.

ಆಮೇಲೆ ಒಂದೊಂದೇ ಸೇರಿತು. ಭತ್ತದ ಹೊಟ್ಟು ಸುಟ್ಟ ಇದ್ದಿಲಿಗೆ ಉಪ್ಪು, ಲವಂಗ ಹಾಕಿದ ಹಲ್ಲುಪುಡಿ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕೆಳಗಿನ ಹಳ್ಳಿಯೊಂದರಿಂದ ತರುತ್ತಿದ್ದ ಸೀಗೆಕಾಯಿಗೆ ಮೆಂತ್ಯ, ಹೆಸರುಕಾಳು ಸೇರಿಸಿದ ತಲೆಪುಡಿ. ಬೆಲ್ಲದಲ್ಲಿ ನಿಂಬೆ, ಮೂಸಂಬಿ ಸಿಪ್ಪೆ ಕೊಳೆಹಾಕಿ ಮೂರು ತಿಂಗಳು ಇಟ್ಟ ನೆಲ ಒರೆಸುವ ನೀರು. ಅದರ ಮುಚ್ಚಳವನ್ನು ದಿನಾ ಒಂದು ಸಲ ಸಡಿಲಿಸಬೇಕು. ಒಮ್ಮೆ ಮರೆತು, ಬಾಟಲಿ ಸಿಡಿದು, ಅಟ್ಟದ ತುಂಬ ಹೆಂಡದಂಗಡಿಯ ವಾಸನೆ ಎದ್ದು, ನಮ್ಮದು ಮದ್ಯ ಮುಟ್ಟದ ಮನೆ ಎಂದು ಪಕ್ಕದವರಿಗೆಲ್ಲ ಸಮಜಾಯಿಷಿ ಹೇಳಬೇಕಾಯಿತು.

ಆದರೆ ಅವನ ಜೀವ ಇದ್ದದ್ದು ಸೋಪಿನಲ್ಲಿ. ಅದು ಅಂಗಡಿಯ ಬಿಲ್ಲೆ ಸೋಪಲ್ಲ. ಬೂದಿಯ ನೀರಿನಿಂದ ಮಾಡಿದ ಸೋಪು ಗಟ್ಟಿಯಾಗುವುದಿಲ್ಲ. ಬೆಲ್ಲದ ಪಾಕದ ಬಣ್ಣದ ಮೆತ್ತನೆಯ ಮುದ್ದೆ, ಡಬ್ಬದಿಂದ ಬೆರಳಲ್ಲಿ ತೆಗೆದುಕೊಳ್ಳಬೇಕು. ಚೇಳೂರಿನ ಕಡೆಯಿಂದ ತೆಂಗಿನಕಾಯಿ ಸುಲಿದ ಮಟ್ಟೆ ತರಿಸಿ, ತಾನೇ ನಿಂತು ಸುಡಿಸುತ್ತಿದ್ದ. ಬೇರೆಯವರು ಸುಟ್ಟ ಬೂದಿ ಅವನಿಗೆ ಬೇಡ. ಪ್ಲಾಸ್ಟಿಕ್ಕೋ ಕಸವೋ ಸೇರಿರುತ್ತದೆ ಎಂದು ಗುಮಾನಿ. ಆ ಬೂದಿಯನ್ನು ಅಡಿಯಲ್ಲಿ ತೂತಿರುವ ಡ್ರಮ್ಮಿಗೆ ತುಂಬಿ ಮೇಲಿನಿಂದ ಮಳೆನೀರು ಹೊಯ್ದರೆ ಕೆಳಗೆ ಟೀ ಬಣ್ಣದ ಬೂದಿನೀರು ತೊಟ್ಟಿಕ್ಕುತ್ತದೆ. ಅದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುವಷ್ಟು ತೀಕ್ಷ್ಣ. ಅದರ ಹದ ನೋಡಲು ಕೋಳಿಮೊಟ್ಟೆ ತೇಲಿಬಿಡಬೇಕೆಂದು ಯಾರೋ ಹೇಳಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಅಣ್ಣ ಒಂದು ವಾರ ಯೋಚಿಸಿ, ಹಿತ್ತಲಲ್ಲಿ ಒಂದೊಂದೇ ತರಕಾರಿ ತೇಲಿಸಿ ನೋಡಿ, ಕೊನೆಗೆ ನಿಂಬೆ ಗಾತ್ರದ ಆಲೂಗಡ್ಡೆಗೆ ಬಂದು ನಿಂತ. ಆಲೂಗಡ್ಡೆ ತೇಲಿ ಒಂದು ರೂಪಾಯಿಯಗಲ ಮೇಲೆ ಕಂಡರೆ ಬೂದಿನೀರು ಸರಿಯಾಗಿದೆ ಎಂದು ಲೆಕ್ಕ. ಸಂತೆಯಲ್ಲಿ ಆಲೂಗಡ್ಡೆಯನ್ನು ಅವನು ಆರಿಸುತ್ತಿದ್ದ ರೀತಿ ನೋಡಿ ಅಂಗಡಿಯವಳು ಹೆಣ್ಣು ನೋಡೋಕೆ ಬಂದಿದ್ದೀಯಾ ಎಂದು ಕಿಚಾಯಿಸುತ್ತಿದ್ದಳು.

ಬೂದಿನೀರಿಗೆ ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ ಸೇರಿಸಿ ಕಬ್ಬಿಣದ ಕೊಪ್ಪರಿಗೆಯಲ್ಲಿ ಎರಡು ದಿನ ಕುದಿಸಬೇಕು. ಆಮೇಲೆ ಮಡಕೆಗಳಿಗೆ ತುಂಬಿ ಕಡಿಮೆಯೆಂದರೂ ಮೂರು ವಾರ ಇಡಬೇಕು. ಆ ದಿನಗಳಲ್ಲಿ ಬೂದಿಯ ತೀಕ್ಷ್ಣತೆಯನ್ನು ಎಣ್ಣೆ ಪೂರ್ತಿ ನುಂಗಿಕೊಳ್ಳುತ್ತದೆ. ನುಂಗಿತೋ ಇಲ್ಲವೋ ಎಂದು ತಿಳಿಯುವ ಬಗೆ ಒಂದೇ. ಕಡ್ಡಿಯ ತುದಿಯಲ್ಲಿ ತೆಗೆದು ನಾಲಿಗೆಯ ತುದಿಗೆ ತಾಕಿಸಬೇಕು. ಚುರ್ ಅಂದರೆ ಹಸಿ. ಬರೀ ಕಹಿ ಅನಿಸಿದರೆ ಪಕ್ವ. ಮಡಕೆಯ ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ನೋಡಬೇಕು. “ನಾಲ್ಗೆಗಾಗ್ದಿದ್ದು ಕೈಗಾಗುತ್ತೇನೇ?” ಇದು ಅವನು ದಿನಕ್ಕೊಂದು ಸಲವಾದರೂ ಆಡುತ್ತಿದ್ದ ಮಾತು.

ಮಾರುವಾಗ ಅವನದೊಂದು ಕೆಟ್ಟ ಅಭ್ಯಾಸವಿತ್ತು. ಸಾಮಾನಿನ ದೋಷಗಳನ್ನೆಲ್ಲ ಮೊದಲು ಹೇಳಿಬಿಡುತ್ತಿದ್ದ. ನೊರೆ ಜಾಸ್ತಿ ಬರಲ್ಲ, ವಾಸನೆ ಚೆನ್ನಾಗಿಲ್ಲ, ಬಿಳಿ ಬಟ್ಟೆಗೆ ಹಾಕಬೇಡಿ. ತುಮಕೂರಿನಲ್ಲಿ ಒಬ್ಬ ಮೇಡಂ ಸೀಗೆಪುಡಿ ಹಿಡಿದುಕೊಂಡು ಇದರಿಂದ ಕೂದಲು ಬೆಳೆಯುತ್ತದೆಯೇ ಎಂದು ಆಸೆಯಿಂದ ಕೇಳಿದರು. ಹೌದು ಎಂದಿದ್ದರೆ ನಾಲ್ಕು ಪೊಟ್ಟಣ ಹೋಗುತ್ತಿದ್ದವು. “ಇರೋ ಕೂದ್ಲು ಕ್ಲೀನಾಗುತ್ತೆ ಮೇಡಂ. ಹೋಗಿರೋದು ಬರಂಗಿಲ್ಲ,” ಅಂದ. ಆಮೇಲೆ ನಾನು ಬೈದೆ. ಆ ಮೇಡಂ ಮಾತ್ರ ಹದಿನೈದು ವರ್ಷ ನಮ್ಮ ಗಿರಾಕಿಯಾಗಿ ಉಳಿದರು. ಅವನು ಆಗಲ್ಲ ಎಂದ ಕಡೆ ಆಗುತ್ತಿರಲಿಲ್ಲ, ಆಗುತ್ತದೆ ಎಂದ ಕಡೆ ಆಗುತ್ತಿತ್ತು. ಗುಬ್ಬಿಯಲ್ಲಿ ಬೇರೆ ಯಾವ ವ್ಯಾಪಾರಿಗೂ ಇಲ್ಲದ ಬೆಲೆ ಅವನ ಮಾತಿಗೆ ಇದ್ದದ್ದು ಇದರಿಂದ. ಅವನ ತಂಗಿ ಎಂದು ಹೇಳಿಕೊಂಡರೆ ಸಂತೆಯಲ್ಲಿ ನನಗೂ ಒಂದು ಹಿಡಿ ಸೊಪ್ಪು ಜಾಸ್ತಿ ಬೀಳುತ್ತಿತ್ತು.

ನನ್ನನ್ನು ಅದೇ ಊರಿನಲ್ಲಿ, ಎರಡು ಬೀದಿ ಆಚೆ ಕೊಟ್ಟಿದ್ದರು. ಅಡುಗೆ ಮುಗಿಸಿ ಹತ್ತು ಗಂಟೆಗೆ ಅಣ್ಣನ ಹಿತ್ತಲಿಗೆ ಬಂದರೆ ಸಂಜೆಯವರೆಗೆ ಅಲ್ಲೇ ಕೆಲಸ. ಅಣ್ಣನಿಗೆ ಎಲೆಅಡಿಕೆ ಜಗಿಯುವ ಚಟ. ಸುಣ್ಣ ತಿಂದು ತಿಂದು ತನ್ನ ನಾಲಿಗೆ ಮೊಂಡಾಗಿದೆ ಎಂದು ಅವನೇ ಒಪ್ಪಿಕೊಂಡು, ತಾನು ನೋಡಿದ ಮೇಲೆ ನನ್ನ ಕೈಲಿ ಇನ್ನೊಮ್ಮೆ ನೋಡಿಸುತ್ತಿದ್ದ. ನಾನು ತಲೆಯಾಡಿಸಿದರೆ ಮಾತ್ರ ಮಡಕೆ ಮೂಲೆಯಿಂದ ಮುಂದಕ್ಕೆ ಬರುತ್ತಿತ್ತು. ಶಾಲೆಯಲ್ಲಿ ಪಾಸಾಗದವಳಿಗೆ ಪಾಸು, ಫೇಲು ಹೇಳುವ ಅಧಿಕಾರ ಸಿಕ್ಕಿದ್ದು ಅದೊಂದು ಕಡೆ. ಆ ಹೆಮ್ಮೆ ನನಗೆ ಬಹಳ ಇತ್ತು. ಅದನ್ನೇ ಕಳೆದುಕೊಳ್ಳುವ ಹೆದರಿಕೆ ಮುಂದೆ ನನ್ನ ಬಾಯಿ ಕಟ್ಟಿತು.

ಏಳು ವರ್ಷದ ಹಿಂದಿನ ಶ್ರಾವಣ. ಅಣ್ಣ ಸೀಗೆಕಾಯಿಗೆಂದು ಹುತ್ರಿದುರ್ಗದ ಕಡೆಗೆ ಹೋಗಿದ್ದ. ಹೋಗುವಾಗ, ಮೂಲೆಯ ಎರಡು ಮಡಕೆ ತುಂಬಿಸಿ ಹನ್ನೆರಡೇ ದಿನ ಆಗಿದೆ, ಮುಟ್ಟಬೇಡ ಎಂದು ಹೇಳಿ ಹೋಗಿದ್ದ. ಅವತ್ತು ಮಧ್ಯಾಹ್ನ ತುಮಕೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಿಂದ ಆಟೊ ಬಂತು. ಅಲ್ಲಿನ ಅಡುಗೆಮನೆಗೆ ಪಾತ್ರೆ ತೊಳೆಯುವ ಸೋಪು ನಮ್ಮದೇ. ಹಾಸ್ಟೆಲ್ಲಿನಲ್ಲಿ ಏನೋ ದೊಡ್ಡ ಊಟವಿತ್ತು, ಯಾವತ್ತಿಗಿಂತ ಎರಡರಷ್ಟು ಬೇಕು ಎಂದರು. ಪಕ್ವವಾದದ್ದು ಅರ್ಧಕ್ಕೆ ಸಾಲುತ್ತಿತ್ತು. ಅಣ್ಣನಿಗೆ ಫೋನ್ ಮಾಡಿದೆ. ಅವನು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿದ್ದ. ಈ ಸಲ ಬೂದಿನೀರು ಚೆನ್ನಾಗಿ ಬಂದಿತ್ತು, ಬೇಗ ಪಕ್ವವಾಗಿದ್ದರೂ ಆಗಿರಬಹುದು ಎಂದ.

“ಮೂರ್ ಕಡೆ ತೆಗ್ದು ನಾಲ್ಗೆಗಿಟ್ಟು ನೋಡು. ಒಪ್ಪಿದ್ರೆ ಕೊಡು, ಇಲ್ದಿದ್ರೆ ಬ್ಯಾಡ. ಕೇಳುಸ್ತಾ?”

ಕೇಳಿಸಿತು. ಆದರೆ ಅವತ್ತು ಸೋಮವಾರ. ಶ್ರಾವಣ ಸೋಮವಾರ ನಾನು ಸಂಜೆಯ ಪೂಜೆಯವರೆಗೆ ಒಂದು ಹನಿ ನೀರೂ ಮುಟ್ಟುವುದಿಲ್ಲ. ಮದುವೆಯಾದಾಗಿನಿಂದ ತಪ್ಪದ ವ್ರತ. ಕಡ್ಡಿಯಲ್ಲಿ ಸೋಪು ತೆಗೆದೆ, ತುಟಿಯ ಹತ್ತಿರ ತಂದೆ, ಕೈ ನಿಂತಿತು. ಎಣ್ಣೆಯಲ್ಲವೇ, ಬಾಯಿಗೆ ಹೋದರೆ ಉಪವಾಸ ಮುರಿದ ಹಾಗೆಯೇ ಎಂದುಕೊಂಡೆ. ಅದರ ಬದಲು ಕೈಯ ಹಿಂಭಾಗಕ್ಕೆ ಸವರಿ ನೋಡಿದೆ. ಏನೂ ಆಗಲಿಲ್ಲ. ಹಸಿ ಸೋಪು ನಾಲಿಗೆಗೆ ಕ್ಷಣದಲ್ಲಿ ತಿಳಿಯುತ್ತದೆ, ಕೈಗೆ ತಿಳಿಯಲು ಹೊತ್ತು ಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಡಬ್ಬಗಳನ್ನು ತುಂಬಿದೆ. ಆಟೊದವನು ಹಾರ್ನ್ ಮಾಡುತ್ತಿದ್ದ. ಅಣ್ಣ ಇಲ್ಲದಾಗಲೂ ನಾನೇ ಎಲ್ಲ ನಿಭಾಯಿಸಿದೆ ಎನ್ನಿಸಿಕೊಳ್ಳುವ ಆಸೆಯೂ ಇತ್ತು. ಎಲ್ಲವನ್ನೂ ಆಟೊದವನ ಮೇಲೆ ಹಾಕಲಾರೆ.

ಸಂಜೆ ಅಣ್ಣ ಫೋನ್ ಮಾಡಿ ನೋಡಿದೆಯಾ ಎಂದು ಕೇಳಿದ. ನೋಡಿದೆ, ಏನೂ ಆಗಲಿಲ್ಲ ಅಂದೆ. ಅಷ್ಟು ಹೊತ್ತಿಗೆ ಪೂಜೆಯ ತಟ್ಟೆ ನನ್ನ ಕೈಯಲ್ಲಿತ್ತು. ವ್ರತ ಕೆಡಬಾರದೆಂದು ನಾಲಿಗೆಗೆ ಸೋಪು ತಾಕಿಸದವಳು, ಅದೇ ನಾಲಿಗೆಯಿಂದ ದೇವರ ಮುಂದೆ ನಿಂತು ಸುಳ್ಳು ಹೇಳಿದೆ.

ಮೂರನೇ ದಿನ ಹಾಸ್ಟೆಲ್ಲಿನಿಂದ ಕರೆ ಬಂತು. ನಾನೂ ಅಣ್ಣನೂ ಒಟ್ಟಿಗೇ ಹೋದೆವು. ಪಾತ್ರೆ ತೊಳೆಯುವ ಐದು ಹೆಂಗಸರ ಕೈ ಕೆಂಪಾಗಿ ಬಿರಿದಿದ್ದವು. ಅವರಲ್ಲಿ ಗಂಗಮ್ಮ ಎನ್ನುವವರದು ಎಲ್ಲರಿಗಿಂತ ಕೆಟ್ಟದಾಗಿತ್ತು. ಬೆರಳ ಸಂದಿನ ಚರ್ಮ ಪೂರ್ತಿ ಎದ್ದಿತ್ತು. ಎರಡೂ ಕೈಗಳನ್ನು ತಮ್ಮವಲ್ಲ ಎನ್ನುವ ಹಾಗೆ ಮೈಯಿಂದ ದೂರ ಹಿಡಿದುಕೊಂಡು ಕೂತಿದ್ದರು. ಮನೆಯಲ್ಲಿ ಮುದ್ದೆ ತಿರುವುವುದಕ್ಕೂ ಆಗದೆ ಮಗಳು ಕಾಲೇಜು ಬಿಟ್ಟು ಕೂತಿದ್ದಾಳೆ ಎಂದು ವಾರ್ಡನ್ ಹೇಳಿದರು. ಅಣ್ಣ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಅವರ ಮುಂದೆ ನಿಂತ. ಡಾಕ್ಟರ ಖರ್ಚು, ಕೆಲಸ ತಪ್ಪಿದ ದಿನಗಳು ಎಲ್ಲವೂ ತನ್ನ ಜವಾಬ್ದಾರಿ ಎಂದ. ಹಾಗೆಯೇ ನಡೆದುಕೊಂಡ. ನಾನು ಅವನ ಹಿಂದೆ ಚೀಲ ಹಿಡಿದುಕೊಂಡು ನಿಂತಿದ್ದೆ.

ಬಸ್ಸಿನಲ್ಲಿ ಬರುವಾಗ ಮೂರು ಕಡೆಯೂ ನೋಡಿದೆಯಾ ಎಂದು ಒಂದೇ ಸಲ ಕೇಳಿದ. ನೋಡಿದೆ ಅಂದೆ.

“ಹಂಗಾರೆ ತಪ್ಪು ನಂದೇ ಬುಡು. ನನ್ ಲೆಕ್ಕದಾಗೇ ಎಲ್ಲೋ ಮೋಸ ಐತೆ.”

ಇನ್ನೊಬ್ಬರಾಗಿದ್ದರೆ ನನ್ನ ಮೇಲೆ ಅನುಮಾನ ಪಡುತ್ತಿದ್ದರು. ಅವನು ತನ್ನ ವಿದ್ಯೆಯ ಮೇಲೇ ಅನುಮಾನ ಪಟ್ಟ. ಆ ಮಡಕೆಗಳನ್ನು ಗುಂಡಿ ತೋಡಿ ಹೂತ. ಸೋಪು ನಿಲ್ಲಿಸಿದ. ಬರೀ ಪುಡಿಗಳನ್ನು ಮಾಡುತ್ತಾ, ಬಿಡುವಾದಾಗಲೆಲ್ಲ ಬೂದಿಯ ಡ್ರಮ್ಮಿನ ಮುಂದೆ ಕೂರುತ್ತಿದ್ದ. ಚೇಳೂರಿನ ಮಟ್ಟೆಯ ದೋಷವೋ, ಮಳೆನೀರಿನ ದೋಷವೋ, ಆಲೂಗಡ್ಡೆ ನಂಬಿದ್ದೇ ತಪ್ಪೋ ಎಂದು ಒಂದೊಂದನ್ನೇ ಬದಲಿಸಿ, ಒಂದು ಲೋಟದಷ್ಟು ಮಾಡಿ, ಚೆಲ್ಲಿ, ಮತ್ತೆ ಮಾಡುತ್ತಿದ್ದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಇಲ್ಲದ ತಪ್ಪು ಎಲ್ಲಿ ಸಿಗಬೇಕು? ಕೊನೆಗೆ ಇನ್ನು ಮುಂದೆ ಎಲ್ಲವನ್ನೂ ತನ್ನ ನಾಲಿಗೆಯಿಂದಲೇ ನೋಡಬೇಕೆಂದು ನಿಶ್ಚಯಿಸಿ ಮೂವತ್ತು ವರ್ಷದ ಎಲೆಅಡಿಕೆ ಬಿಟ್ಟ. ಆದರೂ ಕೊಪ್ಪರಿಗೆಗೆ ಬೆಂಕಿ ಹಾಕುವ ಧೈರ್ಯ ಅವನಿಗೆ ಬರಲಿಲ್ಲ. ನಾನು ಪಕ್ಕದಲ್ಲೇ ಸೀಗೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ಸಂಜೆ ಮನೆಗೆ ಹೋಗುವುದು. ಹೀಗೆ ಹದಿನಾಲ್ಕು ತಿಂಗಳು ಕಳೆದೆ.

ಒಂದು ದಿನ ಬಂದಾಗ ಬಾಗಿಲಲ್ಲಿ ಗುಜರಿಯವನ ಟೆಂಪೊ ನಿಂತಿತ್ತು. ಅಣ್ಣ ಹಿತ್ತಲಲ್ಲಿ ಕೊಪ್ಪರಿಗೆ ತೊಳೆಯುತ್ತಿದ್ದ. ಗುಜರಿಗೆ ಹಾಕುವ ಕಬ್ಬಿಣವನ್ನು ಯಾರಾದರೂ ತೊಳೆದು ಕೊಡುತ್ತಾರೆಯೇ? ಅವನು ಒಳಗೂ ಹೊರಗೂ ನಿಂಬೆಪುಡಿ ಹಾಕಿ ಉಜ್ಜುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವನ ಬೆನ್ನಿಗೇ ಎಲ್ಲ ಹೇಳಿಬಿಟ್ಟೆ. ನೋಡಿರಲಿಲ್ಲ, ಒಂದು ಕಡೆಯೂ ನೋಡಿರಲಿಲ್ಲ, ಅವತ್ತು ಸೋಮವಾರ.

ಉಜ್ಜುವುದು ನಿಂತಿತು. ಅವನು ತಿರುಗಲಿಲ್ಲ. ಹೊಡೆದರೆ ಹೊಡೆಯಲಿ ಎಂದು ನಾನು ಅಲ್ಲೇ ನಿಂತಿದ್ದೆ.

“ಹಂಗಾರೆ ನನ್ ಬೂದಿನೀರು ಸರ್ಯಾಗಿತ್ತಾ?”

“ಸರ್ಯಾಗಿತ್ತು ಕಣಣ್ಣ. ಇನ್ನೊಂದ್ ಹತ್ತು ದಿನ ಬೇಕಿತ್ತು, ಅಷ್ಟೆ.”

“ಕುದಿಸಿದ್ದೂ?”

“ಅದೂ ಸರ್ಯಾಗಿತ್ತು.”

ಆಗ ತಿರುಗಿದ. ಆ ಮುಖವನ್ನು ನಾನು ಹೇಗೆ ಬರೆಯಲಿ. ಸಿಟ್ಟು ಇರಲಿಲ್ಲವೆಂದಲ್ಲ, ಆದರೆ ಅದು ಎಲ್ಲೋ ಹಿಂದೆ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಕಳೆದ ದನ ತಾನಾಗಿಯೇ ಕೊಟ್ಟಿಗೆಗೆ ಬಂದು ನಿಂತರೆ ರೈತನ ಮುಖ ಹೇಗಾಗುತ್ತದೋ ಹಾಗಿತ್ತು. ಬಾಗಿಲಿಗೆ ಹೋಗಿ, ಹೊರಡಪ್ಪ, ಕೊಡಾಕಿಲ್ಲ ಎಂದು ಗುಜರಿಯವನಿಗೆ ಹೇಳಿದ. ಬೆಳಗ್ಗೆಯಿಂದ ಕಾಯಿಸಿ, ಈಗ ಹುಳಿ ಹಾಕಿ ತೊಳೆದು ಮತ್ತೆ ಒಳಗಿಟ್ಟುಕೊಳ್ಳುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ಗೊಣಗುತ್ತಾ ಅವನು ಹೋದ. ಅಣ್ಣ ಒಳಗೆ ಬಂದು, ಕೊಪ್ಪರಿಗೆಯನ್ನು ಒಲೆಯ ಮೇಲೆ ಸರಿಯಾಗಿ ಕೂರಿಸಿ, ಆಮೇಲೆ ನನ್ನ ಕಡೆ ನೋಡಿದ.

“ನಂಗೆ ಹೇಳಿದ್ದಾಯ್ತು. ಕೈ ಬೆಂದೋರ್ಗೆ ಯಾವಾಗ ಹೇಳ್ತೀಯ?”

ಮುಂದಿನ ವಾರ ಹೋಗುತ್ತೇನೆ ಎಂದೆ. ಆ ವಾರ ಅವನು ಇರುವವರೆಗೂ ಬರಲಿಲ್ಲ.

ಅವನು ಮತ್ತೆ ಕೇಳಲಿಲ್ಲ. ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ಮಟ್ಟೆ ತರಿಸಿದ. ಹೊಸ ಸೋಪು ಪಕ್ವವಾದ ದಿನ ಕಡ್ಡಿಯಲ್ಲಿ ತೆಗೆದು ನನ್ನ ಕೈಗೇ ಮೊದಲು ಕೊಟ್ಟ. ನೀನು ನೋಡು ಎಂದ. ಎಲೆಅಡಿಕೆ ಬಿಟ್ಟು ಅವನ ನಾಲಿಗೆ ಈಗ ಚುರುಕಾಗಿತ್ತು, ನನ್ನ ಅಗತ್ಯವಿರಲಿಲ್ಲ. ಆದರೂ ಕೊಟ್ಟ. ಅವತ್ತು ನಾನು ಅತ್ತದ್ದನ್ನು ಸೋಪಿನ ಕಹಿಗೆ ಎಂದುಕೊಂಡ ಹಾಗೆ ನಟಿಸಿ, ಬಾಯಿ ಮುಕ್ಕಳಿಸಲು ನೀರು ತಂದುಕೊಟ್ಟ.

ಅಂದಿನಿಂದ ಹೊಸದೊಂದು ಕಟ್ಟಳೆ ಮಾಡಿದ. ಸೋಮವಾರ ಸೋಪಿನ ಕೆಲಸವಿಲ್ಲ. ಮಾಡುವುದಿಲ್ಲ, ಕೊಡುವುದಿಲ್ಲ, ಯಾರು ಬಂದರೂ ಸರಿಯೇ. ಶಿವನ ವಾರ, ದೊಡ್ಡ ಭಕ್ತ ಎಂದು ಊರಿನವರು ಕೊಂಡಾಡಿದರು. ಕಾರಣ ಗೊತ್ತಿದ್ದದ್ದು ಇಬ್ಬರಿಗೆ. ನನ್ನ ವ್ರತವೂ ಉಳಿಯಲಿ, ಇನ್ನೊಬ್ಬರ ಕೈಯೂ ಉಳಿಯಲಿ ಎಂದು ಅವನು ಕಟ್ಟಿದ ಬೇಲಿ ಅದು. ಸೋಪಿನ ಆ ಹಳೆಯ ವಿಷಯ ಯಾರಾದರೂ ಎತ್ತಿದರೆ ‘ನಮ್ಮಿಂದ ಒಂದ್ಸಲ ತಪ್ಪಾಗಿತ್ತು’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದ.

ಅವನ ಕೊನೆಯ ವರ್ಷಗಳು ಚೆನ್ನಾಗಿದ್ದವು. ತುಮಕೂರಿನ ಒಂದು ಕಾಲೇಜಿಗೆ ಸೋಪು ಮಾಡುವುದನ್ನು ತೋರಿಸಲು ಕರೆದರು. ಸೋಪು ನೆಕ್ಕುವ ಮನುಷ್ಯನನ್ನು ನೋಡಿ ಹುಡುಗಿಯರು ಬಾಯಿಗೆ ದುಪಟ್ಟಾ ಹಿಡಿದು ನಕ್ಕರು. ಅಲ್ಲಿನ ಮೇಡಂ ಬಣ್ಣ ಬದಲಾಗುವ ಒಂದು ಕಾಗದದ ಚೂರು ಕೊಟ್ಟು, ಇದರಲ್ಲೂ ಗೊತ್ತಾಗುತ್ತದೆ ನೋಡಿ, ಬೂದಿನೀರು ಮುಟ್ಟುವಾಗ ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ ಎಂದರು. ಅವನಿಗೆ ಅವಮಾನವಾಗಲಿಲ್ಲ. ಹಸಿಯದು, ಪಕ್ವವಾದದ್ದು ಎರಡನ್ನೂ ಕಾಗದದಿಂದಲೂ ನಾಲಿಗೆಯಿಂದಲೂ ನೋಡಿ, ಎರಡೂ ಒಂದೇ ಮಾತು ಹೇಳಿದ್ದಕ್ಕೆ ಮಗುವಿನಂತೆ ಕುಣಿದ. ಅಂದಿನಿಂದ ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿದ. ಆ ಹಾಸ್ಟೆಲ್ಲಿನವರೂ ಎರಡು ವರ್ಷದ ಮೇಲೆ ಮತ್ತೆ ನಮ್ಮ ಸೋಪು ತರಿಸಿಕೊಂಡರು. ಗಂಗಮ್ಮ ಮಾತ್ರ ಅದನ್ನು ಮುಟ್ಟಲಿಲ್ಲವಂತೆ. ತಮ್ಮ ಪಾಲಿಗೆ ಅಂಗಡಿಯ ಬಿಲ್ಲೆ ಇಟ್ಟುಕೊಂಡರಂತೆ. ಅವರ ಕೈ, ಅವರಿಷ್ಟ ಎಂದ ಅಣ್ಣ. ನನ್ನ ಮುಖ ನೋಡಲಿಲ್ಲ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಊರೇ ಬಂದಿತ್ತು. ಊಟಕ್ಕೆ ಮುಂಚೆ ಒಬ್ಬ ಹಿರಿಯ ಮೇಷ್ಟ್ರು ಎದ್ದು ನಿಂತು ಅವನ ಪ್ರಾಮಾಣಿಕತೆ, ಅವನ ಸೋಮವಾರದ ಭಕ್ತಿ ಎಲ್ಲವನ್ನೂ ಹೇಳಿದರು. ಕೊನೆಗೆ, ಒಂದು ಸಲ ಅವರ ಕೈಯಲ್ಲೂ ತಪ್ಪು ನಡೆದಿತ್ತು, ಆದರೆ ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದರು. ಜನ ತಲೆದೂಗಿದರು. ಮೊದಲ ಸಾಲಿನಲ್ಲಿ ಕೂತಿದ್ದ ನಾನೂ ತಲೆಯಾಡಿಸಿದೆ. ಆಡಿಸಿದ ಮೇಲೆ ಕುತ್ತಿಗೆ ನನ್ನದಲ್ಲ ಅನ್ನಿಸಿತು. ಬದುಕಿದ್ದಾಗ ಅವನ ಹೆಸರನ್ನು ಅವನೇ ಹೊತ್ತುಕೊಂಡಿದ್ದ. ಇನ್ನು ಮುಂದೆ ಅದಕ್ಕೆ ಹತ್ತಿದ ಕಪ್ಪನ್ನು ನಾನು ತೆಗೆಯದಿದ್ದರೆ ಅದು ಹಾಗೇ ಉಳಿಯುತ್ತದೆ.

ಮರುವಾರ ತುಮಕೂರಿಗೆ ಹೋದೆ. ಹಾಸ್ಟೆಲ್ಲಿನ ಹಿಂಭಾಗದಲ್ಲಿ ಮಧ್ಯಾಹ್ನದ ಪಾತ್ರೆಗಳು ರಾಶಿ ಬಿದ್ದಿದ್ದವು. ಗಂಗಮ್ಮ ಗುರುತು ಹಿಡಿದರು. ಎದ್ದೇಳಲಿಲ್ಲ. ಸೋಪಿನ ವಿಷಯವಾದರೆ ವಾರ್ಡನ್ ಮೇಡಂ ಊಟಕ್ಕೆ ಹೋಗಿದ್ದಾರೆ, ಕಾಯಿರಿ ಎಂದರು. ನಿಮ್ಮ ಹತ್ತಿರವೇ ಬಂದದ್ದು ಎಂದು ನಿಂತಲ್ಲೇ ಎಲ್ಲ ಹೇಳಿದೆ. ಅವರ ಕೈ ನಿಂತಿತು. ಬೆರಳ ಸಂದಿಯಲ್ಲಿ ಚರ್ಮ ಇವತ್ತಿಗೂ ತಿಳಿಬಣ್ಣಕ್ಕಿತ್ತು.

“ನಿಮ್ಮಣ್ಣ ಮೂರ್ ತಿಂಗ್ಳು ವಾರ್ವಾರ ಕೊಬ್ರಿ ಎಣ್ಣೆ ತಕ್ಕೊಂಡ್ ಬರೋರು,” ಅಂದರು. “ನಾನು ಒಂದಿನಾನೂ ಮುಖ ಕೊಟ್ಟು ಮಾತಾಡ್ಲಿಲ್ಲ. ಒಂದ್ಸಲ ಬಾಟ್ಲೀನ ಎತ್ತಿ ಬಿಸಾಕ್ದೆ. ಆ ಮನುಷ್ಯ ಎತ್ಕೊಂಡು, ಒರ್ಸಿ, ಕಟ್ಟೆ ಮೇಲಿಟ್ಟು ಹೋದ್ರು. ನಿಮ್ಗೆ ಹೇಳಿದ್ರಾ?”

ಹೇಳಿರಲಿಲ್ಲ. ಆ ಎಣ್ಣೆಯ ವಿಷಯವೇ ನನಗೆ ಗೊತ್ತಿರಲಿಲ್ಲ.

“ಅವ್ರಿದ್ದಾಗ ನೀವು ಬಂದು ಇದನ್ನ ಹೇಳಿದ್ರೆ, ನಾನು ಅವ್ರತ್ರ ಒಂದ್ ಮಾತಾಡ್ತಿದ್ನಲ್ಲವ್ವಾ.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಅದನ್ನು ಕೇಳಿಸಿಕೊಳ್ಳಲು ಕಾಯಲಿಲ್ಲ. ಕೈ ಒರೆಸಿಕೊಂಡು ಎದ್ದು, ಒಳಗೆ ಅನ್ನದ ಕೊಳಗ ತಿಕ್ಕುತ್ತಿದ್ದ ಉಳಿದವರನ್ನು ಹೆಸರು ಹಿಡಿದು ಕರೆದರು. ನಾಲ್ಕು ಜನ ಒದ್ದೆ ಕೈಯಲ್ಲೇ ಬಂದು ನಿಂತರು. ಇಬ್ಬರು ಅಂದು ಇದ್ದವರು, ಇಬ್ಬರು ಹೊಸಬರು.

“ಇನ್ನೊಂದ್ಸಲ ಹೇಳಿ,” ಎಂದರು ಗಂಗಮ್ಮ. “ಮೊದ್ಲಿಂದ. ಇವ್ರೂ ಕೇಳ್ಲಿ.”

ನಾನು ಅಣ್ಣನ ಹೆಸರು ಹೇಳಿ ಶುರು ಮಾಡಿದೆ. ಅವನ ಕೈಯಿಂದ ಹಸಿ ಸೋಪು ಒಂದು ದಿನವೂ ಹೊರಗೆ ಹೋಗಿಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ನನ್ನದನ್ನು ಹೇಳಿದೆ.